ಓದುಗರ ಪ್ರಶ್ನೆ – ನಮ್ಮ ಉತ್ತರ: ತಿಳಿದ ಮೇಲೂ ಬೆರಗು ಉಳಿದೀತೇ?

ವಿಜ್ಞಾನ ಕಲಿತಷ್ಟೂ ಬೆರಗು ಕಡಿಮೆಯಾಗುತ್ತದೆಯೇ ಎಂದು ಬೇರೆ ಬೇರೆ ಬಗೆಯಲ್ಲಿ ಕೇಳಿದ ಹಲವು ಪತ್ರಗಳು ಈ ತಿಂಗಳು ಬಂದಿವೆ. ಅವುಗಳಲ್ಲಿ ಆರನ್ನು ಆಯ್ದುಕೊಂಡಿದ್ದೇನೆ. ಉಳಿದವುಗಳ ಬೇರು ಮೊದಲನೆಯ ಪತ್ರದಲ್ಲೇ ಇರುವುದರಿಂದ ಅದಕ್ಕೆ ವಿಸ್ತಾರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಚಿಕ್ಕವಳಿದ್ದಾಗ ಮಿಂಚುಹುಳುವನ್ನು ಎರಡು ಅಂಗೈಗಳ ನಡುವೆ ಹಿಡಿದು, ಬೆರಳ ಸಂದಿಯಿಂದ ಸೋರುವ ಬೆಳಕನ್ನು ನೋಡುತ್ತ ಎಷ್ಟೋ ಹೊತ್ತು ನಿಂತಿರುತ್ತಿದ್ದೆ. ಮುಂದೆ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದೆ. ಈಗ ಮಿಂಚುಹುಳು ಕಂಡರೆ ಮನಸ್ಸು ತಕ್ಷಣ ‘ಇದು ಬರೀ ಒಂದು ರಾಸಾಯನಿಕ ಕ್ರಿಯೆ, ಅಷ್ಟೇ’ ಎನ್ನುತ್ತದೆ. ನನ್ನ ಬೆರಗನ್ನು ಕಿತ್ತುಕೊಂಡದ್ದು ವಿಜ್ಞಾನವೇ ಅಲ್ಲವೇ? ಅದನ್ನು ಮರಳಿ ಪಡೆಯಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದ ಒಂದು ವಾಕ್ಯವನ್ನು ನಾನು ಹಲವು ಬಾರಿ ಓದಿದೆ. ‘ಇದು ಬರೀ ಒಂದು ರಾಸಾಯನಿಕ ಕ್ರಿಯೆ, ಅಷ್ಟೇ.’ ಈ ವಾಕ್ಯದಲ್ಲಿ ರಸಾಯನಶಾಸ್ತ್ರ ನಿಮಗೆ ಕಲಿಸಿದ್ದು ‘ರಾಸಾಯನಿಕ ಕ್ರಿಯೆ’ ಎಂಬ ಭಾಗವನ್ನು ಮಾತ್ರ. ‘ಬರೀ’ ಎಂಬ ಪದವನ್ನೂ ‘ಅಷ್ಟೇ’ ಎಂಬ ಕೊನೆಯ ಪದವನ್ನೂ ಯಾವ ಪ್ರಯೋಗಾಲಯವೂ ಕಂಡುಹಿಡಿದಿಲ್ಲ. ಅವುಗಳನ್ನು ನಾವೇ ಸೇರಿಸಿಕೊಂಡಿದ್ದೇವೆ. ನಿಮ್ಮ ಬೆರಗು ಕಳೆದುಹೋದದ್ದು ಆ ಎರಡು ಪದಗಳಿಂದ ಎಂದು ನನಗೆ ಅನ್ನಿಸುತ್ತದೆ. ಹೀಗೆ ಹೇಳಲು ನನಗಿರುವ ಕಾರಣವನ್ನು ಆ ಹುಳುವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

1885ರಲ್ಲಿ ಫ್ರಾನ್ಸಿನ ರಫಾಯೆಲ್ ದುಬೋಯಿ ಎಂಬ ವಿಜ್ಞಾನಿ ಬೆಳಕು ಸೂಸುವ ಒಂದು ಜಾತಿಯ ಜೀರುಂಡೆಯ ದೀಪದ ಭಾಗವನ್ನು ತಣ್ಣೀರಿನಲ್ಲಿ ಅರೆದರು. ಆ ನೀರು ಸ್ವಲ್ಪ ಹೊತ್ತು ಹೊಳೆದು ಆರಿಹೋಯಿತು. ಇನ್ನೊಂದು ಭಾಗವನ್ನು ಬಿಸಿನೀರಿನಲ್ಲಿ ಅರೆದಾಗ ಬೆಳಕು ಬಹುಬೇಗ ನಂದಿತು. ಹೀಗೆ ಆರಿಹೋದ ಎರಡು ದ್ರವಗಳು ತಣಿದ ಮೇಲೆ ಅವುಗಳನ್ನು ಒಂದಕ್ಕೊಂದು ಬೆರೆಸಿದಾಗ ಕತ್ತಲೆಯಲ್ಲಿ ಬೆಳಕು ಮತ್ತೆ ಹುಟ್ಟಿತು. ಬಿಸಿ ತಾಳುವ ಒಂದು ವಸ್ತು, ಬಿಸಿ ತಾಳದ ಇನ್ನೊಂದು ವಸ್ತು, ಇವೆರಡೂ ಕೂಡಿದರೆ ಮಾತ್ರ ದೀಪ. ಮೊದಲನೆಯದಕ್ಕೆ ಅವರು ಲೂಸಿಫೆರಿನ್ ಎಂದೂ ಎರಡನೆಯ ಕಿಣ್ವಕ್ಕೆ ಲೂಸಿಫೆರೇಸ್ ಎಂದೂ ಹೆಸರಿಟ್ಟರು. ಈ ಹೆಸರುಗಳನ್ನು ನೀವು ಪರೀಕ್ಷೆಗಾಗಿ ಓದಿರುತ್ತೀರಿ. ಆದರೆ ಸತ್ತ ಎರಡು ದ್ರವಗಳು ಕೂಡಿ ಬೆಳಗಿದ ಆ ಗಳಿಗೆಯನ್ನು ಪಠ್ಯಪುಸ್ತಕ ನಿಮಗೆ ಕೊಟ್ಟಿರಲಾರದು.

ಮುಂದಿನ ಅಧ್ಯಾಯ ನಡೆದದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಮೆಕೆಲ್ರಾಯ್ ಊರಿನ ಮಕ್ಕಳಿಗೆ ಹಣ ಕೊಟ್ಟು ಮಿಂಚುಹುಳುಗಳನ್ನು ಹಿಡಿಸಿ ತರಿಸಿಕೊಳ್ಳುತ್ತಿದ್ದರು. 1947ರಲ್ಲಿ ಅವರು ಕಂಡುಕೊಂಡ ಸಂಗತಿ ಇದು: ಹುಳುವಿನ ದೀಪದ ಸಾರ ಆರಿಹೋದ ಮೇಲೆ ಅದಕ್ಕೆ ಎಟಿಪಿ ಎಂಬ ಅಣುವನ್ನು ಸೇರಿಸಿದರೆ ಅದು ಮತ್ತೆ ಬೆಳಗುತ್ತದೆ. ಎಟಿಪಿ ಎಂದರೆ ಏನು ಎಂಬುದನ್ನು ರಸಾಯನಶಾಸ್ತ್ರ ಓದಿದ ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಕ್ಟೀರಿಯಾದಿಂದ ತಿಮಿಂಗಿಲದವರೆಗೆ ಎಲ್ಲ ಜೀವಕೋಶಗಳೂ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಕೈಯಿಂದ ಕೈಗೆ ದಾಟಿಸುವುದು ಈ ಅಣುವಿನ ಮೂಲಕ. ಈಗ ನಿಮ್ಮ ಬಾಲ್ಯದ ಆ ಅಂಗೈಗಳಿಗೆ ಮರಳಿ. ಹುಳುವನ್ನು ಹಿಡಿಯಲು ನಿಮ್ಮ ಬೆರಳುಗಳು ಮಡಚಿಕೊಂಡಾಗ ನಿಮ್ಮ ಸ್ನಾಯುಗಳು ಖರ್ಚು ಮಾಡಿದ್ದು ಎಟಿಪಿಯನ್ನು. ಆ ಬೆರಳುಗಳ ಒಳಗೆ ಹುಳು ಬೆಳಗಲು ಖರ್ಚು ಮಾಡಿದ್ದೂ ಅದೇ ಎಟಿಪಿಯನ್ನು. ಹಿಡಿದ ಕೈಗೂ ಹಿಡಿಸಿಕೊಂಡ ಬೆಳಕಿಗೂ ಒಂದೇ ನಾಣ್ಯ ಚಲಾವಣೆಯಲ್ಲಿತ್ತು. ಇದನ್ನು ಬಾಲ್ಯದಲ್ಲಿ ನೀವು ಊಹಿಸುವುದಕ್ಕೂ ಸಾಧ್ಯವಿರಲಿಲ್ಲ. ಈಗ ಸಾಧ್ಯ, ಅದೂ ನೀವು ರಸಾಯನಶಾಸ್ತ್ರ ಓದಿದ್ದರಿಂದ.

ಇನ್ನೂ ಮುಂದೆ ಹೋದರೆ ಕಥೆ ಕತ್ತಲೆಯ ಕಡೆಗೆ ತಿರುಗುತ್ತದೆ. ಮಿಂಚುಹುಳುಗಳ ಒಂದೊಂದು ಜಾತಿಗೂ ತನ್ನದೇ ಮಿನುಗಿನ ಲಯವಿದೆ. ಗಂಡು ಹಾರುತ್ತ ಮಿನುಗುತ್ತದೆ, ಹೆಣ್ಣು ಹುಲ್ಲಿನ ಮೇಲೆ ಕುಳಿತು ತನ್ನ ಜಾತಿಗೆ ಗೊತ್ತುಪಡಿಸಿದಷ್ಟು ಹೊತ್ತು ತಡೆದು ಉತ್ತರಿಸುತ್ತದೆ. ಉತ್ತರ ಅಮೆರಿಕದ ಫೋಟ್ಯೂರಿಸ್ ಎಂಬ ಕುಲದ ಹೆಣ್ಣುಗಳು ಬೇರೆ ಜಾತಿಯ ಹೆಣ್ಣಿನ ಉತ್ತರವನ್ನು ಅನುಕರಿಸಿ, ನಂಬಿ ಇಳಿದು ಬಂದ ಗಂಡನ್ನು ತಿನ್ನುತ್ತವೆ ಎಂದು 1965ರಲ್ಲಿ ಜೇಮ್ಸ್ ಲಾಯ್ಡ್ ತೋರಿಸಿಕೊಟ್ಟರು. ಹಾಗೆ ತಿಂದ ಹುಳುವಿನ ಮೈಯಲ್ಲಿರುವ ವಿಷಕಾರಿ ವಸ್ತುವೇ ಆಮೇಲೆ ತಿಂದವಳನ್ನು ಜೇಡಗಳಿಂದ ಕಾಪಾಡುತ್ತದೆ ಎಂಬುದೂ ಮುಂದೆ ತಿಳಿಯಿತು. ನಾವು ಅಂಗಳದಲ್ಲಿ ನಿಂತು ಸುಂದರವೆಂದು ನೋಡುವ ಬೆಳಕಿನಲ್ಲಿ ಕರೆ ಇದೆ, ಉತ್ತರವಿದೆ, ಸುಳ್ಳೂ ಇದೆ. ಇಷ್ಟೆಲ್ಲ ತಿಳಿದ ಮೇಲೆ ‘ಅಷ್ಟೇ’ ಎಂಬ ಪದವನ್ನು ಎಲ್ಲಿ ಇಡೋಣ, ಹೇಳಿ?

ಆದರೂ ನಿಮ್ಮ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ನಿಮ್ಮಿಂದ ಏನೋ ಒಂದು ಹೋಗಿರುವುದು ನಿಜ, ಅದು ಮರಳಿ ಬಾರದು ಎಂಬುದೂ ನಿಜ. ಕನ್ನಡದಲ್ಲಿ ಅಚ್ಚರಿ, ಬೆರಗು, ಸೋಜಿಗ, ವಿಸ್ಮಯ ಎಂಬ ಪದಗಳನ್ನು ಒಂದರ ಬದಲಿಗೆ ಒಂದನ್ನು ಬಳಸುವ ರೂಢಿಯಿದ್ದರೂ ಅವುಗಳ ತೂಕ ಒಂದೇ ಅಲ್ಲ ಎಂಬುದು ನನ್ನ ಅನುಭವ. ಅನಿರೀಕ್ಷಿತವಾದದ್ದು ನಡೆದಾಗ ಅಚ್ಚರಿಯಾಗುತ್ತದೆ. ನಿರೀಕ್ಷೆ ಸರಿಹೋದ ಕೂಡಲೇ ಅದು ಮುಗಿಯುತ್ತದೆ. ಹುಳುವೊಂದು ಬೆಳಗಬಲ್ಲದು ಎಂದು ಮೊದಲ ಬಾರಿಗೆ ಕಂಡ ಮಗುವಿನ ಅಚ್ಚರಿ ಎರಡನೆಯ ಬಾರಿಗೆ ಅದೇ ರೂಪದಲ್ಲಿ ಯಾರಿಗೂ ಸಿಗುವುದಿಲ್ಲ, ಓದಿದವರಿಗೂ ಇಲ್ಲ, ಓದದವರಿಗೂ ಇಲ್ಲ. ಬೆರಗು ಮಾತ್ರ ನಿಂತು ನೋಡುವುದರಿಂದ ಬರುವಂಥದ್ದು. ನಮ್ಮ ಅಲಂಕಾರಶಾಸ್ತ್ರಜ್ಞರು ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವವೆಂದು ಹೇಳಿದಾಗ ‘ಸ್ಥಾಯಿ’ ಎಂಬ ಪದವನ್ನು ಶಾಸ್ತ್ರದ ಅರ್ಥದಲ್ಲಿ ಬಳಸಿದರು. ಆದರೆ ನೆಲೆಯಾಗಿ ನಿಲ್ಲುವಂಥದ್ದು ಎಂಬ ಅದರ ಸಾಮಾನ್ಯ ಅರ್ಥವೂ ಇಲ್ಲಿ ಹೊಂದುತ್ತದೆ ಎಂದು ನನಗೆ ತೋರುತ್ತದೆ.

ಇನ್ನೊಂದು ಮಾತು. ಲೂಸಿಫೆರಿನ್ ಎಂಬ ಹೆಸರನ್ನೇ ಕೇಳದ ಸಾವಿರಾರು ಜನ ಮಿಂಚುಹುಳುಗಳು ಹಾರುವ ದಾರಿಯಲ್ಲಿ ತಲೆ ಎತ್ತದೆ ನಡೆದು ಹೋಗುತ್ತಾರೆ. ಅವರ ಬೆರಗನ್ನು ಯಾವ ವಿಜ್ಞಾನವೂ ಕದ್ದಿಲ್ಲ. ಕದ್ದದ್ದು ರೂಢಿ. ನಿಮ್ಮ ವಿಷಯದಲ್ಲೂ ಅರ್ಧ ಪಾಲು ಅದರದ್ದೇ ಇರಬಹುದು ಎಂಬ ಅನುಮಾನ ನನಗಿದೆ. ವಯಸ್ಸಾದಂತೆ ರೂಢಿ ಬೆಳೆಯುತ್ತದೆ, ಅದೇ ವರ್ಷಗಳಲ್ಲಿ ವಿದ್ಯೆಯೂ ಬೆಳೆಯುತ್ತದೆ. ಎರಡೂ ಒಟ್ಟಿಗೇ ಬಂದದ್ದರಿಂದ ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟುತ್ತೇವೆ.

ಮರಳಿ ಪಡೆಯುವುದು ಹೇಗೆ ಎಂದು ಕೇಳಿದ್ದೀರಿ. ಮಿಂಚುಹುಳುಗಳ ಕಾಲ ಬಂದಾಗ ಮನೆಯ ದೀಪಗಳನ್ನೆಲ್ಲ ಆರಿಸಿ ಹೊರಗೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಲ್ಲಿಯವರೆಗೆ ಕಾಯಿರಿ. ದೀಪ ಆರಿಸುವುದು ನಿಮಗಾಗಿ ಮಾತ್ರವಲ್ಲ. ನಮ್ಮ ವಿದ್ಯುದ್ದೀಪಗಳ ಬೆಳಕಿನಲ್ಲಿ ಆ ಹುಳುಗಳ ಕರೆ ಒಂದಕ್ಕೊಂದು ತಲುಪುವುದಿಲ್ಲ. ಒಂದು ಹುಳುವನ್ನು ಆರಿಸಿಕೊಂಡು ಅದರ ಎರಡು ಮಿನುಗುಗಳ ನಡುವಿನ ಸಮಯವನ್ನು ಮನಸ್ಸಿನಲ್ಲೇ ಎಣಿಸಿ, ಆಮೇಲೆ ಹುಲ್ಲಿನಿಂದ ಉತ್ತರ ಬರುತ್ತದೆಯೇ ಎಂದು ಹುಡುಕಿ. ಹೀಗೆ ಎಣಿಸುವಾಗ ಇನ್ನೊಂದು ಎಣಿಕೆಯೂ ನಿಮ್ಮ ನೆನಪಿನಲ್ಲಿರಲಿ. ಲೂಸಿಫೆರಿನ್‌ನ ನೂರು ಅಣುಗಳು ಕ್ರಿಯೆಗೆ ಒಳಗಾದರೆ ಸುಮಾರು 88 ಬೆಳಕಿನ ಕಣಗಳು ಹೊರಬರುತ್ತವೆ ಎಂದು ಅರ್ಧ ಶತಮಾನದ ಕಾಲ ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. 2008ರಲ್ಲಿ ಜಪಾನಿನ ವಿಜ್ಞಾನಿಗಳು ಮತ್ತೆ ಅಳೆದಾಗ ಅದು ಸುಮಾರು 41 ಎಂದು ಕಂಡುಬಂತು. ಮುಗಿಯಿತು ಎಂದು ಎಲ್ಲರೂ ನಂಬಿದ್ದ ಲೆಕ್ಕವನ್ನು ಯಾರೋ ಮತ್ತೆ ಎಣಿಸಲು ಕುಳಿತರು; ‘ಅಷ್ಟೇ’ ಎನ್ನದವರು ಹೀಗೆ ಮಾಡುತ್ತಾರೆ.

ಪ್ರಶ್ನೆ: ವಾಹನದಲ್ಲಿ ಹೋಗುವಾಗ ಚಂದ್ರ ನಮ್ಮ ಜೊತೆಗೇ ಬರುವುದೇಕೆ ಎಂದು ಐದು ವರ್ಷದ ನನ್ನ ಮಗ ಕೇಳುತ್ತಾನೆ. ‘ನೀನೆಂದರೆ ಅವನಿಗೆ ಇಷ್ಟ, ಅದಕ್ಕೆ ಬರುತ್ತಾನೆ’ ಎಂದು ಹೇಳಿದ್ದೇನೆ. ನಿಜವಾದ ಕಾರಣ ಹೇಳಿದರೆ ಅವನ ಕಲ್ಪನೆ ಬಾಡೀತು ಎಂಬ ಭಯ ನನಗೆ.

ಉತ್ತರ: ನೀವು ಹೇಳಿದ ಮಾತಿನಲ್ಲಿ ಪ್ರೀತಿಯಿದೆ, ಅದಕ್ಕಾಗಿ ಪಶ್ಚಾತ್ತಾಪ ಪಡಬೇಡಿ. ಆದರೆ ಮಗು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಅದು ಇದಕ್ಕಿಂತ ಹೆಚ್ಚಿನದಕ್ಕೆ ಅರ್ಹವಾಗಿದೆ. ಕಾರಣವನ್ನು ನೀವೇ ಹೇಳಿಬಿಡುವ ಬದಲು ಅವನ ಕೈಗೆ ಒಂದು ಪರೀಕ್ಷೆಯನ್ನು ಕೊಡಿ. ಬಯಲಿನಲ್ಲಿ ಅವನೂ ಅವನ ಗೆಳತಿಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಒಬ್ಬರು ಈ ಕಡೆಗೆ, ಇನ್ನೊಬ್ಬರು ಆ ಕಡೆಗೆ ಐವತ್ತು ಹೆಜ್ಜೆ ನಡೆಯಲಿ. ‘ಚಂದ್ರ ಯಾರ ಜೊತೆ ಬಂದ?’ ಎಂದು ಆಮೇಲೆ ಕೇಳಿ. ‘ನನ್ನ ಜೊತೆ’ ಎಂದು ಇಬ್ಬರೂ ಹೇಳುತ್ತಾರೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ನೋಟದಲ್ಲಿ ಹುಟ್ಟುವುದು ಕಲ್ಪನೆಯನ್ನು ಬಾಡಿಸುವಂಥದ್ದಲ್ಲ.

ದೂರದ ಮಾತು ಅದರ ನಂತರ ಬರಲಿ. ವಾಹನದ ಕಿಟಕಿಯಿಂದ ನೋಡಿದರೆ ರಸ್ತೆ ಬದಿಯ ಮರ ಥಟ್ಟನೆ ಹಿಂದೆ ಸರಿಯುತ್ತದೆ, ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ನೀವು ಹತ್ತು ಕಿಲೋಮೀಟರ್ ಸಾಗಿದರೂ ಆ ಸಾಗುವಿಕೆಯಿಂದ ಅವನು ಕಾಣುವ ದಿಕ್ಕು ಬದಲಾಗುವುದು ಒಂದು ಡಿಗ್ರಿಯ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಎಲ್ಲವೂ ಹಿಂದೆ ಓಡುತ್ತಿರುವಾಗ ಒಬ್ಬ ಮಾತ್ರ ಹಿಂದೆ ಸರಿಯದಿದ್ದರೆ ಅವನು ಜೊತೆಗೆ ಬರುತ್ತಿದ್ದಾನೆ ಎಂದೇ ಕಣ್ಣು ತಿಳಿಯುತ್ತದೆ. ಮಗ ಸ್ವಲ್ಪ ದೊಡ್ಡವನಾದ ಮೇಲೆ ಇದರ ಮುಂದಿನ ಸಂಗತಿಯನ್ನೂ ಹೇಳಿ: ಚಂದ್ರನಾದರೋ ಎಲ್ಲರಿಗೂ ಒಬ್ಬನೇ, ಕಾಮನಬಿಲ್ಲು ಹಾಗಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಿಂತವನ ನೆರಳು ಚಾಚಿದ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿರುವ ಹನಿಗಳು ಮಾತ್ರ ಅವನ ಕಣ್ಣಿಗೆ ಕೆಂಪನ್ನು ಕಳುಹಿಸುತ್ತವೆ. ಪಕ್ಕದಲ್ಲಿ ನಿಂತವನಿಗೆ ಅದೇ ಕೆಂಪನ್ನು ಕಳುಹಿಸುವುದು ಬೇರೆ ಹನಿಗಳು. ಅವನ ಬಿಲ್ಲು ಅವನಿಗೆ, ನಿಮ್ಮ ಬಿಲ್ಲು ನಿಮಗೆ. ‘ಇದು ನನಗಾಗಿಯೇ ಬಂದಿದೆ’ ಎಂದು ಮಗು ಚಂದ್ರನ ವಿಷಯದಲ್ಲಿ ನಂಬಿದ್ದು ಕಾಮನಬಿಲ್ಲಿನ ವಿಷಯದಲ್ಲಿ ಅಕ್ಷರಶಃ ನಿಜ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಪೂರ್ಣ ಅಂಕ ಪಡೆಯುತ್ತಾರೆ, ಆದರೆ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಬೆರಗನ್ನು ಪಾಠ ಮಾಡಲು ಬರುತ್ತದೆಯೇ?

ಉತ್ತರ: ಇದಕ್ಕೆ ನನ್ನದೇ ಒಂದು ಅನುಭವವನ್ನು ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ನಾನು ಸಸ್ಯದ ಜೀವಕೋಶದ ಚಿತ್ರವನ್ನು ಕನಿಷ್ಠ ಹದಿನೈದು ಬಾರಿ ಬರೆದಿದ್ದೇನೆ. ಭಾಗಗಳನ್ನು ಗುರುತಿಸುವುದಕ್ಕೆ ಅಂಕ, ಗೆರೆ ನೇರವಾಗಿರುವುದಕ್ಕೆ ಅಂಕ. ಸೂಕ್ಷ್ಮದರ್ಶಕ ನಮ್ಮ ಶಾಲೆಯಲ್ಲಿಯೂ ಇತ್ತು, ಗಾಜಿನ ಬಾಗಿಲಿನ ಕಪಾಟಿನೊಳಗೆ, ಬೀಗ ಹಾಕಿಕೊಂಡು. ಹಾಳಾದೀತು ಎಂಬ ಭಯಕ್ಕೆ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಹೀಗಾಗಿ ಜೀವಕೋಶವೆಂದರೆ ಪೆನ್ಸಿಲಿನಲ್ಲಿ ಬರೆದ ಒಂದು ಆಯತ ಎಂಬ ಕಲ್ಪನೆಯೊಂದಿಗೇ ನಾನು ಶಾಲೆ ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಸಸ್ಯಶಾಸ್ತ್ರ ಓದುತ್ತಿದ್ದ ಗೆಳೆಯನೊಬ್ಬ ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡದ ಒಂದು ಎಲೆಯನ್ನು ಕಿತ್ತು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ತೆಳುಗಾಜು ಮುಚ್ಚಿ, ‘ನೋಡು, ಆದರೆ ಅವಸರ ಮಾಡಬೇಡ’ ಎಂದ. ಆ ಎಲೆ ಎರಡು ಪದರ ಜೀವಕೋಶಗಳಷ್ಟು ಮಾತ್ರ ದಪ್ಪವಾಗಿರುವುದರಿಂದ ಕತ್ತರಿಸುವ ಕೆಲಸವೇ ಇಲ್ಲ. ಇಟ್ಟಿಗೆ ಗೋಡೆಯಂತೆ ಜೋಡಿಸಿದ ಹಸಿರು ಕೋಣೆಗಳು ಕಂಡವು. ನನ್ನ ಚಿತ್ರದಲ್ಲಿ ಇದ್ದದ್ದೂ ಇದೇ ಅಲ್ಲವೇ ಎಂದುಕೊಂಡೆ. ದೀಪದ ಬಿಸುಪು ತಾಗಿ ಕೆಲವು ನಿಮಿಷಗಳಾದ ಮೇಲೆ ಒಂದು ಹಸಿರು ಕಣ ಚಲಿಸಿತು. ಅದರ ಹಿಂದೆ ಇನ್ನೊಂದು. ನೋಡುತ್ತಿದ್ದಂತೆ ಆ ಕೋಣೆಯ ಕಣಗಳೆಲ್ಲ ಗೋಡೆಯನ್ನು ಹಿಡಿದು ಸಾಲಾಗಿ ಸಾಗತೊಡಗಿದವು; ಮೂಲೆಗೆ ಬಂದು ತಿರುಗಿ, ಎದುರಿನ ಗೋಡೆಗುಂಟ ಹೊರಟು, ಹೊರಟಲ್ಲಿಗೇ ಬಂದು ಮತ್ತೆ ಸುತ್ತಿದವು. ಪಕ್ಕದ ಕೋಣೆಯಲ್ಲಿ ಇನ್ನೊಂದು ಮೆರವಣಿಗೆ, ಅದರಾಚೆ ಮತ್ತೊಂದು. ಕಿತ್ತ ಎಲೆಯೊಳಗೆ ಇಷ್ಟು ಸಂಚಾರ ನಡೆದಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹದಿನೈದು ಬಾರಿ ಬರೆದ ಚಿತ್ರದಲ್ಲಿ ಒಂದೂ ಚಲಿಸಿರಲಿಲ್ಲ.

ಆಮೇಲೆ ಕಾರಣವನ್ನು ಓದಿದೆ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ಅಣುಗಳು ಹೆಜ್ಜೆಯಿಟ್ಟಂತೆ ಸಾಗುತ್ತ ಜೀವರಸವನ್ನು ಎಳೆದೊಯ್ಯುತ್ತವೆ. ನಮ್ಮ ಸ್ನಾಯುಗಳು ಬಿಗಿಯುವುದೂ ಇದೇ ಎರಡು ಪ್ರೋಟೀನುಗಳ ಜೋಡಿಯಿಂದ. ಈ ಓದು ನಾನು ಕಂಡ ದೃಶ್ಯವನ್ನು ಚೂರೂ ಕುಂದಿಸಲಿಲ್ಲ. ಆದರೆ ಕ್ರಮ ಹಿಂದುಮುಂದಾಗಿದ್ದರೆ, ಎಂದರೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಹೆಸರುಗಳನ್ನು ನಾನು ಮೊದಲು ಬಾಯಿಪಾಠ ಮಾಡಿ, ದೃಶ್ಯವನ್ನು ಎಂದೂ ನೋಡದೇ ಹೋಗಿದ್ದರೆ, ಈ ಪುಟದ ಮೊದಲ ಪ್ರಶ್ನೆ ಕೇಳಿದವರಂತೆ ನಾನೂ ವಿಜ್ಞಾನದ ಮೇಲೆ ದೂರು ಹೇಳುತ್ತಿದ್ದೆನೇನೋ.

ಆದ್ದರಿಂದ, ಗುರುಗಳೇ, ಬೆರಗನ್ನು ಪಾಠ ಮಾಡಲು ಬರುವುದಿಲ್ಲ. ಅದಕ್ಕೆ ಎಡೆ ಮಾಡಿಕೊಡಲು ಮಾತ್ರ ಬರುತ್ತದೆ. ಪಠ್ಯ ಮುಗಿಸುವ ಒತ್ತಡ ನಿಮಗೆ ಎಷ್ಟಿದೆ ಎಂಬುದನ್ನು ನಾನು ಬಲ್ಲೆ, ಪ್ರತಿ ಪಾಠಕ್ಕೂ ಪ್ರಯೋಗ ಮಾಡಿಸಿ ಎಂದು ಹೇಳುವುದು ಸುಲಭದ ಉಪದೇಶವಾದೀತು. ತಿಂಗಳಿಗೆ ಒಂದು ಪಾಠದಲ್ಲಿ ಸಾಕು, ಹೆಸರನ್ನು ತಡವಾಗಿ ಹೇಳಿ. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಹಲಗೆಯ ಮೇಲೆ ಬರೆಯುವ ಮೊದಲು ‘ಒಂದು ಮರದ ತೂಕ ಎಲ್ಲಿಂದ ಬಂತು?’ ಎಂದು ಕೇಳಿ. ಮಣ್ಣಿನಿಂದ ಎಂದು ಬಹುಪಾಲು ಮಕ್ಕಳು ಹೇಳುತ್ತಾರೆ. ಆಗ ವಾನ್ ಹೆಲ್ಮಾಂಟ್ ಎಂಬಾತನ ಕಥೆ ಹೇಳಿ: ಆತ ಸುಮಾರು 90 ಕಿಲೋ ಒಣಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ, ಅದರಲ್ಲಿ ಎರಡು ಕಿಲೋ ಚಿಲ್ಲರೆ ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಹಾಕಿದ. ಮರ ಸುಮಾರು 77 ಕಿಲೋ ತೂಗಿತು. ಮಣ್ಣನ್ನು ಒಣಗಿಸಿ ಮತ್ತೆ ತೂಗಿದಾಗ ಕಡಿಮೆಯಾದದ್ದು 60 ಗ್ರಾಂ ಆಸುಪಾಸು. ಹಾಗಾದರೆ ಮರ ನೀರಿನಿಂದಲೇ ಆಗಿದೆ ಎಂದು ಆತ ತೀರ್ಮಾನಿಸಿದ. 1648ರಲ್ಲಿ, ಆತ ತೀರಿಕೊಂಡ ಮೇಲೆ, ಇದು ಅಚ್ಚಾಯಿತು. ಆ ತೀರ್ಮಾನ ಅರ್ಧ ಮಾತ್ರ ಸರಿ. ಉಳಿದರ್ಧ ಎಲ್ಲಿದೆ ಎಂದು ಕೇಳಿ ತರಗತಿಯನ್ನು ಅಲ್ಲಿಗೇ ಬಿಡಿ, ಗಾಳಿಯ ಮಾತನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಕಣ್ಣಿಗೆ ಕಾಣದ ಗಾಳಿಯಿಂದ ಇಂಗಾಲವನ್ನು ಹಿಡಿದು ಮರ ತನ್ನ ಕಾಂಡವನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು ಆ ಒಂದು ರಾತ್ರಿ ಯಾರಾದರೂ ತಾವೇ ಊಹಿಸಿಕೊಂಡು ಬಂದರೆ, ಮರುದಿನ ನಿಮ್ಮ ತರಗತಿಯಲ್ಲಿ ಮೊದಲ ಪ್ರಶ್ನೆ ಕೇಳುವವರು ಅವರೇ ಆಗಿರುತ್ತಾರೆ.

ಪ್ರಶ್ನೆ: ಬೆರಗನ್ನು ನೀವೆಲ್ಲ ಹೊಗಳುತ್ತೀರಿ. ಬೆರಗಾದವನನ್ನೇ ಮೋಸಗಾರರು ಬಲೆಗೆ ಹಾಕಿಕೊಳ್ಳುವುದು. ವೈಜ್ಞಾನಿಕ ಮನೋಭಾವ ಬೇಕಾದರೆ ಬೆರಗನ್ನು ಬಿಡಬೇಕಲ್ಲವೇ?

ಉತ್ತರ: ನಿಮ್ಮ ಎಚ್ಚರಿಕೆ ಸರಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಬೆರಗು ಒಂದು ಪುರಾವೆಯಲ್ಲ. ‘ನನಗೆ ಮೈ ಜುಮ್ಮೆಂದಿತು, ಆದ್ದರಿಂದ ಇದು ನಿಜ’ ಎಂಬ ತರ್ಕದಿಂದ ಎಷ್ಟು ಮನೆಗಳು ಹಾಳಾಗಿವೆ ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಮೋಸಗಾರ ನಮ್ಮಿಂದ ಕೇಳುವುದು ಬೆರಗನ್ನಲ್ಲ, ಬೆರಗಾದ ಮೇಲಿನ ಮೌನವನ್ನು. ‘ಹೇಗೆ?’ ಎಂದು ಕೇಳಿದ ಕೂಡಲೇ ಅವನಿಗೆ ಸಿಟ್ಟು ಬರುತ್ತದೆ. ಪ್ರಶ್ನೆಗೆ ಬಾಗಿಲು ತೆರೆಯುವ ಬೆರಗು ಯಾವುದು, ಬಾಗಿಲು ಹಾಕುವ ಬೆರಗು ಯಾವುದು ಎಂದು ತಿಳಿಯಲು ಇದಕ್ಕಿಂತ ಸರಳವಾದ ಗುರುತು ನನಗೆ ಗೊತ್ತಿಲ್ಲ.

ಧೂಮಕೇತುವಿನ ಕಥೆ ಇಲ್ಲಿ ಉಪಯುಕ್ತ. ಸಾವಿರಾರು ವರ್ಷ ಜನ ಅದನ್ನು ಕಂಡು ಬೆರಗಾದರು, ಬೆರಗಿಗಿಂತ ಹೆಚ್ಚು ಹೆದರಿದರು. ಅರಸನ ಸಾವು, ಯುದ್ಧ, ರೋಗ ಎಲ್ಲಕ್ಕೂ ಅದನ್ನೇ ಹೊಣೆಯಾಗಿಸಿದರು. ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ 1531, 1607 ಮತ್ತು 1682ರಲ್ಲಿ ಕಂಡ ಧೂಮಕೇತುಗಳ ಹಾದಿಯನ್ನು ಲೆಕ್ಕ ಹಾಕಿ, ಮೂರೂ ಒಂದೇ ಎಂದು 1705ರಲ್ಲಿ ಪ್ರಕಟಿಸಿದ, ಅದು 1758ರಲ್ಲಿ ಮರಳಿ ಬರುತ್ತದೆ ಎಂದು ಹೇಳಿದ. ಅದನ್ನು ನೋಡಲು ತಾನು ಬದುಕಿರುವುದಿಲ್ಲ ಎಂಬುದು ಆತನಿಗೆ ಗೊತ್ತಿದ್ದಿರಲೇಬೇಕು. ಆತ ತೀರಿಕೊಂಡದ್ದು 1742ರಲ್ಲಿ. ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಅದು ಎಷ್ಟು ತಡವಾಗುತ್ತದೆ ಎಂಬುದನ್ನು ಫ್ರಾನ್ಸಿನ ಗಣಿತಜ್ಞ ಕ್ಲೆರೋ, ಖಗೋಳಜ್ಞ ಲಲಾಂದ್ ಮತ್ತು ನಿಕೋಲ್ ರೇನ್ ಲೆಪೋಟ್ ಎಂಬ ಮಹಿಳೆ ತಿಂಗಳುಗಟ್ಟಲೆ ಕುಳಿತು ಕೈಯಿಂದಲೇ ಲೆಕ್ಕ ಹಾಕಿ, 1759ರ ಏಪ್ರಿಲ್ ನಡುವಿನ ಹೊತ್ತಿಗೆ, ಹೆಚ್ಚುಕಡಿಮೆ ಒಂದು ತಿಂಗಳು ಆಚೀಚೆ, ಅದು ಸೂರ್ಯನಿಗೆ ಅತಿ ಸಮೀಪ ಬರುತ್ತದೆ ಎಂದರು. ಅದು ಬಂದದ್ದು ಮಾರ್ಚ್ 13ರಂದು. ಅದಕ್ಕೂ ಮೊದಲು, 1758ರ ಡಿಸೆಂಬರ್ 25ರ ರಾತ್ರಿ, ಪಾಲಿಟ್ಜ್ ಎಂಬ ಜರ್ಮನಿಯ ರೈತನೊಬ್ಬ ತನ್ನ ದೂರದರ್ಶಕದಲ್ಲಿ ಅದನ್ನು ಮೊದಲಿಗೆ ಗುರುತಿಸಿದ್ದ. ಸತ್ತವನ ಲೆಕ್ಕವನ್ನು ಆಕಾಶ ಉಳಿಸಿಕೊಟ್ಟಿತು. ಹೆದರಿಕೆಗೆ ಅಲ್ಲಿ ಎಡೆ ಉಳಿಯಲಿಲ್ಲ; ಆ ಮಬ್ಬು ಚುಕ್ಕೆಯನ್ನು ಕಂಡ ರೈತನಿಗೆ ಬೆರಗಾಗಿರಲಿಲ್ಲ ಎಂದು ನೀವು ನಂಬುವಿರಾ?

ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. 1910ರಲ್ಲಿ ಅದೇ ಧೂಮಕೇತು ಬಂದಾಗ ಅದರ ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲ ಇದೆ ಎಂದು ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ರೋಹಿತದ ಪರೀಕ್ಷೆಯಿಂದ ತಿಳಿದಿತ್ತು, ಭೂಮಿ ಆ ಬಾಲವನ್ನು ಹಾದುಹೋಗಲಿದೆ ಎಂಬ ಸುದ್ದಿಯೂ ಇತ್ತು. ಆ ಬಾಲ ಅದೆಷ್ಟು ವಿರಳವಾದದ್ದು ಎಂಬ ಮುಂದಿನ ಮಾತು ಜನರ ಕಿವಿಗೆ ಬೀಳುವ ಮೊದಲೇ ಧೂಮಕೇತುವಿನಿಂದ ಕಾಪಾಡುವ ಮಾತ್ರೆಗಳು ಮಾರಾಟಕ್ಕೆ ಬಂದವು. ಅಲ್ಲಿ ಮೋಸಗಾರರ ಕೈಗೆ ಸಿಕ್ಕ ಆಯುಧ ಅಜ್ಞಾನವೂ ಅಲ್ಲ, ಬೆರಗೂ ಅಲ್ಲ. ನಡುದಾರಿಯಲ್ಲಿ ನಿಲ್ಲಿಸಿದ ತಿಳಿವಳಿಕೆ.

ಪ್ರಶ್ನೆ: ವಿಜ್ಞಾನಿಗಳಿಗೆ ತಮ್ಮ ಕೆಲಸದಲ್ಲಿ ನಿಜವಾಗಿಯೂ ಬೆರಗು ಇರುತ್ತದೆಯೇ, ಅಥವಾ ಅದು ಭಾಷಣಗಳಿಗೆ ಮಾತ್ರ ಮೀಸಲಾದ ಮಾತೇ?

ಉತ್ತರ: ಪ್ರಯೋಗಾಲಯದ ಬಹುಪಾಲು ದಿನಗಳು ಬೇಸರದವು ಎಂದು ನನಗೆ ತಿಳಿದ ಸಂಶೋಧಕರೆಲ್ಲರೂ ಹೇಳುತ್ತಾರೆ. ತೊಳೆಯುವುದು, ತೂಗುವುದು, ಕೆಟ್ಟುಹೋದ ಉಪಕರಣದ ಮುಂದೆ ಕಾಯುವುದು. ಹಾಗಿದ್ದೂ ಅವರನ್ನು ಅಲ್ಲಿ ಹಿಡಿದಿಡುವುದು ಏನೆಂಬುದಕ್ಕೆ ಸಿ. ವಿ. ರಾಮನ್ ಅವರ ಒಂದು ಪ್ರಸಂಗವನ್ನು ನೆನೆಯಬಹುದು.

1921ರಲ್ಲಿ ಅವರು ಯುರೋಪಿನಿಂದ ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿ ಅವರನ್ನು ಸೆರೆಹಿಡಿಯಿತು. ಆ ನೀಲಿಗೆ ಆಗಲೇ ಒಂದು ಉತ್ತರವಿತ್ತು, ಅದನ್ನು ಕೊಟ್ಟವರು ಆಕಾಶ ನೀಲಿಯಾಗಿರುವುದೇಕೆ ಎಂಬುದನ್ನೇ ವಿವರಿಸಿದ್ದ ಲಾರ್ಡ್ ರೇಲೀ. ಆಳವಾದ ಸಮುದ್ರದ ನೀಲಿ ಎಂದರೆ ಬರೀ ಆಕಾಶದ ನೀಲಿಯ ಪ್ರತಿಫಲನ ಎಂಬುದು ಅವರ ಅಭಿಪ್ರಾಯವಾಗಿತ್ತು. ಇಲ್ಲಿಯೂ ಆ ‘ಬರೀ’ ಬಂತು ನೋಡಿ, ಅಷ್ಟು ದೊಡ್ಡವರ ಮಾತಿನಲ್ಲಿಯೂ. ರಾಮನ್ ಅವರ ಬಳಿ ನಿಕೋಲ್ ಪಟ್ಟಕವೊಂದಿತ್ತು; ಅದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಹಾಯಗೊಡುವ ಹರಳು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕರಣಗೊಂಡಿರುವುದರಿಂದ, ಎಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದ, ಪಟ್ಟಕವನ್ನು ತಕ್ಕಂತೆ ತಿರುಗಿಸಿ ಆ ಪ್ರತಿಫಲನವನ್ನು ಮಾತ್ರ ತಡೆಯಬಹುದು. ನೀಲಿ ಆಕಾಶದ ಪ್ರತಿಬಿಂಬವೇ ಆಗಿದ್ದರೆ ಆಗ ಅದು ಅಳಿಯಬೇಕಿತ್ತು. ಅಳಿಯಲಿಲ್ಲ; ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಆಲೋಚನೆಯ ಬೆನ್ನು ಹಿಡಿದು ಹೋದ ಅವರೂ ಅವರ ವಿದ್ಯಾರ್ಥಿಗಳೂ 1928ರ ಫೆಬ್ರವರಿ 28ರಂದು ತಲುಪಿದ್ದು ರಾಮನ್ ಪರಿಣಾಮಕ್ಕೆ, ಎಂದರೆ ಅಣುಗಳಿಂದ ಚದುರಿದ ಬೆಳಕಿನ ಒಂದು ಸಣ್ಣ ಪಾಲಿನ ಬಣ್ಣವೇ ಬದಲಾಗುತ್ತದೆ ಎಂಬ ಸಂಗತಿಗೆ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸಮುದ್ರದ ನೀಲಿಯ ಬಗ್ಗೆ ರಾಮನ್ ಅವರ ಉತ್ತರವೂ ಪೂರ್ತಿಯಾಗಿರಲಿಲ್ಲ. ನೀರು ಬೆಳಕಿನ ಕೆಂಪು ಭಾಗವನ್ನು ತಾನೇ ಹೀರಿಕೊಳ್ಳುವುದು ಅದರ ಮುಖ್ಯ ಕಾರಣ ಎಂದು ಈಗ ತಿಳಿದಿದೆ, ಚದುರುವಿಕೆಯ ಪಾಲು ಅದರ ಜೊತೆಗೆ ಸೇರುತ್ತದೆ. ಹಡಗಿನ ಕಟಕಟೆಗೆ ಒರಗಿ ನಿಂತ ಅಂದಿನ ಪ್ರಯಾಣಿಕರಲ್ಲಿ ಅದೇ ನೀಲಿಯನ್ನು ಕಂಡು ಮೆಚ್ಚಿದವರು ಬಹಳ ಜನ ಇದ್ದಿರಬೇಕು. ಅದರ ಉತ್ತರ ಗೊತ್ತಿದ್ದೂ ಮತ್ತೆ ನೋಡಿದವರು ಒಬ್ಬರು.

ಪ್ರಶ್ನೆ: ನನ್ನ ಬಳಿ ದೂರದರ್ಶಕವಿಲ್ಲ, ವಿಜ್ಞಾನ ಓದಿದವನೂ ನಾನಲ್ಲ. ಇಂದು ರಾತ್ರಿ ಏನನ್ನು ನೋಡಲಿ?

ಉತ್ತರ: ನಕ್ಷತ್ರಗಳನ್ನು ಬಿಟ್ಟು ಅವುಗಳ ನಡುವಿನ ಕತ್ತಲೆಯನ್ನು ನೋಡಿ. ರಾತ್ರಿ ಕತ್ತಲಾಗಿರುವುದು ಏಕೆ ಎಂಬ ಪ್ರಶ್ನೆಯನ್ನು ಸೂರ್ಯ ಮುಳುಗಿದ್ದರಿಂದ ಎಂದು ಹೇಳಿ ಮುಗಿಸಲಾಗುವುದಿಲ್ಲ. ವಿಶ್ವ ಎಲ್ಲೆಯಿಲ್ಲದ್ದೂ ಅನಾದಿಯೂ ಆಗಿದ್ದು, ಎಲ್ಲೆಡೆ ನಕ್ಷತ್ರಗಳು ಹರಡಿದ್ದರೆ, ನೀವು ಯಾವ ದಿಕ್ಕಿಗೆ ನೋಡಿದರೂ ನೋಟ ಒಂದಲ್ಲ ಒಂದು ನಕ್ಷತ್ರಕ್ಕೆ ತಾಗಲೇಬೇಕು. ದಟ್ಟ ಕಾಡಿನೊಳಗೆ ನಿಂತವನಿಗೆ ಯಾವ ಕಡೆಗೆ ನೋಡಿದರೂ ಮರದ ಕಾಂಡವೇ ಕಾಣುವ ಹಾಗೆ. ಆಗ ಇಡೀ ಆಕಾಶ ಸೂರ್ಯನ ಮೇಲ್ಮೈಯಂತೆ ಉರಿಯಬೇಕಿತ್ತು. 1823ರಲ್ಲಿ ಹೈನ್ರಿಕ್ ಓಲ್ಬರ್ಸ್ ಎಂಬ ಜರ್ಮನ್ ವೈದ್ಯ, ಖಗೋಳದ ಹವ್ಯಾಸಿಯೂ ಹೌದು, ಈ ಒಗಟನ್ನು ಬಿಡಿಸಲು ಕುಳಿತರು. ಅವರಿಗೂ ಮೊದಲು ಕೆಪ್ಲರ್ ಅದರ ಮುಂದೆ ನಿಂತಿದ್ದ.

ವಿಶ್ವಕ್ಕೆ ಒಂದು ಆರಂಭವಿದೆ, ಅದರ ವಯಸ್ಸು ಸುಮಾರು 1,380 ಕೋಟಿ ವರ್ಷ. ಬಹಳ ದೂರದವುಗಳ ಬೆಳಕಿಗೆ ನಮ್ಮನ್ನು ತಲುಪಲು ಇನ್ನೂ ಸಮಯ ಸಾಲದಾಗಿದೆ. ನಿಮ್ಮ ಕಣ್ಣ ಮುಂದಿನ ಕತ್ತಲೆ ಆ ಆರಂಭದ ಗುರುತು. ಅದು ಪೂರ್ತಿ ಕತ್ತಲೆಯೂ ಅಲ್ಲ. ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ರೇಡಿಯೋ ಆಂಟೆನಾದಲ್ಲಿ ಎಲ್ಲ ದಿಕ್ಕಿನಿಂದಲೂ ಬರುತ್ತಿದ್ದ ಸಣ್ಣ ಸದ್ದೊಂದನ್ನು ಹೋಗಲಾಡಿಸಲು ಅದರೊಳಗಿನ ಪಾರಿವಾಳದ ಹಿಕ್ಕೆಯನ್ನೂ ಉಜ್ಜಿ ತೆಗೆದರು, ಸದ್ದು ಹೋಗಲಿಲ್ಲ. 1965ರಲ್ಲಿ ಅವರು ಪ್ರಕಟಿಸಿದ ಆ ಸದ್ದು ವಿಶ್ವ ಹುಟ್ಟಿದ ಸುಮಾರು 3,80,000 ವರ್ಷಗಳ ನಂತರ ಹೊರಟ ಬೆಳಕು, ದಾರಿಯುದ್ದಕ್ಕೂ ಹಿಗ್ಗಿ ಹಿಗ್ಗಿ ಈಗ ಮೈಕ್ರೋವೇವ್ ಆಗಿದೆ. ನೀವು ಆರಿಸಿಕೊಂಡ ಆ ಕತ್ತಲೆಯ ಚೂರಿನಿಂದಲೂ ಅದು ಈಗ ಬರುತ್ತಿದೆ, ನಿಮ್ಮ ಮುಖದ ಮೇಲೆ ಬೀಳುತ್ತಿದೆ.